ಕಾಣೆಯಾದ ಹಾಳೆ

ಗ್ರಿಮ್ಸ್‌ಬಿಯ ಮೀನುಕಟ್ಟೆಗೆ ಬೆನ್ನು ಹಾಕಿ ನಿಂತ
ಮೆಥಡಿಸ್ಟರ ಹಳೇ ಸಭಾಂಗಣ.
ಕಿಟಕಿ ತೆರೆದರೆ ಮೀನಿನ ನಾತ,
ಮುಚ್ಚಿದರೆ ನಮ್ಮದೇ.

ಈ ಸಲದ್ದು ಯಾರೂ ಕೇಳಿರದ ಹಾಡುನಾಟಕ.
ನೂರು ವರ್ಷದ ಹಿಂದೆ ಹನ್ನೊಂದೇ ರಾತ್ರಿ ನಗಿಸಿ
ಮಕಾಡೆ ಮಲಗಿದ್ದು.
ಎವೆರಿಲ್ ಸ್ಟ್ಯಾಂಪ್‌ಳ ಅಜ್ಜಿಯ ಪಿಯಾನೊ ಪೀಠದೊಳಗೆ
ನುಸಿಗುಳಿಗೆಗಳ ಜೊತೆ ಸಿಕ್ಕಿತು.

ಕತೆ ಇಷ್ಟು:
ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು
ಬ್ರೆಡ್ಡಿನಂಗಡಿಯವಳನ್ನು ತೂಕದ ಮೋಸಕ್ಕೆ ಹಿಡಿಯುತ್ತಾನೆ,
ಹಿಡಿದ ಕೈ ಬಿಡಲಾರದೆ ಒದ್ದಾಡುತ್ತಾನೆ,
ಎರಡು ಅಂಕ ಪೂರ್ತಿ ಕಾಯಿದೆಯನ್ನು ರಾಗವಾಗಿ ಓದಿ
ಕೊನೆಗೆ ಕ್ಷಮಿಸುತ್ತಾನೆ.
ಯಾಕೆ?
ಪುಟ ನಲವತ್ತರ ಕೊನೆಗೆ ಅವನು ‘ಆದರೆ’ ಅನ್ನುತ್ತಾನೆ.
ನಲವತ್ತಮೂರರ ಮೊದಲಿಗೆ ಮದುವೆಯ ಗಂಟೆ.
ನಡುವಿನ ಹಾಳೆ
ಯಾವುದೋ ಇಲಿಯ ಬಾಣಂತನಕ್ಕೆ ಒದಗಿತ್ತು.

ಇಪ್ಪತ್ತು ಪೊಲೀಸರು ಕುಣಿಯಬೇಕು.
ನಮ್ಮಲ್ಲಿ ನಾಲ್ವರು; ಐಸ್‌ಕ್ರೀಂ ಡಬ್ಬಿಯ ಹೆಲ್ಮೆಟ್ಟು.
ಎಡದಿಂದ ಬಂದು ಬಲಕ್ಕೆ ಹೋಗಿ
ಪರದೆಯ ಹಿಂದೆ ಬಗ್ಗಿ ಓಡಿ ಮತ್ತೆ ಎಡದಿಂದ,
ನಾಲ್ಕೈದ್ಲಿ ಇಪ್ಪತ್ತು.
ಡೆನ್ಜಿಲ್‌ಗೆ ಎಡಗಿವಿ ಕೇಳಿಸದು, ಸದಾ ಒಂದು ಸುತ್ತು ಹಿಂದೆ.
ಯೂರಾತೆ ಲಿಥುವೇನಿಯದವಳು, ಮೀನು ಹೆಚ್ಚುವ ಪಾಳಿ ಮುಗಿಸಿ
ಬೂಟಿನಲ್ಲೇ ಬಂದು ಬೂಟಿನಲ್ಲೇ ಕುಣಿಯುವಳು.

ನಾನು ಪ್ರಾಂಪ್ಟರ್.
ಪಕ್ಕದ ಪರದೆಯ ಮರೆಯಲ್ಲಿ ಟಾರ್ಚು ಹಿಡಿದು ಕೂತ
ಎಲ್ಲರ ಎರಡನೆಯ ನಾಲಿಗೆ.

ಹಾಳೆಯ ಬಗ್ಗೆ ಆರು ವಾರ ಜಗಳ.
ಪ್ರೀತಿಗೆ ಕಾರಣ ಬೇಕೇ, ಅಂದಳು ಎವೆರಿಲ್.
ಹಸಿವಾಗಿರಬೇಕು, ಅಂದಳು ಯೂರಾತೆ.
ಎಂಟು ನಿಮಿಷದ ಬಾಡಿಗೆ ಉಳಿಯಿತಲ್ಲ, ಅಂದ ಖಜಾಂಚಿ.
ಪಿಯಾನೊದ ಹಿಲ್ಡ್ರೆಡ್ ತಾನೇ ಪದ್ಯ ಹೊಸೆದು ತಂದಳು.
ಓದಿದೆವು. ಮೆಚ್ಚಿದೆವು.
ಅದರ ಮೇಲೆ ಚಹಾದ ಲೋಟ ಇಟ್ಟೆವು.

ಇನ್ಸ್‌ಪೆಕ್ಟರು ಕ್ಲೆಮ್ ಓಡ್ಲಿಂಗ್ ಮಾತ್ರ ತುಟಿಪಿಟಿಕ್ಕೆನ್ನಲಿಲ್ಲ.
ಮೂವತ್ತೊಂದು ವರ್ಷ ಕಟ್ಟೆಯಲ್ಲಿ
ದೋಣಿಗಳ ಪೆಟ್ಟಿಗೆ ತೂಗಿದವನು.
ರಂಗದ ಮೇಲಿನ ಹಿತ್ತಾಳೆ ತಕ್ಕಡಿ ಅವನ ಮನೆಯದು.
ಬೆಪ್ಪುತಕ್ಕಡಿ ಅಂತ ನಾನು ಮನಸ್ಸಿನಲ್ಲಿ ಕರೆಯುತ್ತಿದ್ದುದು ಅವನನ್ನೇ;
ಎರಡು ಸಾಲು ಹಾಡಿ
ಮೂರನೆಯದಕ್ಕೆ ನನ್ನತ್ತ ಕಣ್ಣು ಹೊರಳಿಸುವವನನ್ನು.

ಶನಿವಾರ. ಮೂವತ್ತೆಂಟು ಜನ, ಒಂದು ನಾಯಿ.
ಪೊಲೀಸರು ಇಪ್ಪತ್ತಾದರು, ಡೆನ್ಜಿಲ್ ಇಪ್ಪತ್ತೊಂದನೆಯವನಾದ.
ಒಂದು ಹೆಲ್ಮೆಟ್ಟು ಉರುಳಿ ನಾಯಿಯ ಬಳಿ ನಿಂತಿತು.
ಪುಟ ನಲವತ್ತು.
‘ಆದರೆ...’ ಅಂದ ಕ್ಲೆಮ್.
ಪಿಯಾನೊ ನಿಂತಿತು.
ನನ್ನತ್ತ ನೋಡುತ್ತಾನೆಂದು ಟಾರ್ಚು ಎತ್ತಿದೆ,
ಹೇಳಿಕೊಡಲು ನನ್ನಲ್ಲೂ ಏನಿಲ್ಲ.
ಅವನು ನೋಡಲೇ ಇಲ್ಲ.

ತಕ್ಕಡಿಯ ಬಳಿ ಹೋದ.
ಒಂದು ತಟ್ಟೆಯಲ್ಲಿ ಸರ್ಕಾರದ ಮುದ್ರೆಯ ಕಲ್ಲು,
ಇನ್ನೊಂದರಲ್ಲಿ ಎವೆರಿಲ್‌ಳ ಬ್ರೆಡ್ಡು, ಅಪರಾಧದಷ್ಟೇ ಹಗುರ,
ಗಾಳಿಯಲ್ಲಿ ತೂಗಾಡುತ್ತ.
ಕ್ಲೆಮ್ ಕೈಗವಸು ಬಿಚ್ಚಿದ.
ನಿಧಾನಕ್ಕೆ, ಯಾರಿಗೂ ಕಾಣಬಾರದು ಅನ್ನುವ ಹಳೆಯ ನಾಜೂಕಿನಲ್ಲಿ,
ಬ್ರೆಡ್ಡಿನ ತಟ್ಟೆಯ ಅಂಚಿಗೆ
ಹೆಬ್ಬೆರಳು ಇಟ್ಟ.

ತಟ್ಟೆ ಇಳಿಯಿತು.
ಮುಳ್ಳು ನೆಟ್ಟಗಾಯಿತು.

ಮೂರನೆಯ ಸಾಲಿನಿಂದ ಒಂದು ಮುದಿ ದನಿ:
‘ಅದೇ ಹೆಬ್ಬೆರಳು!’
ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.
ಕೂಗಿದವಳು ನಗಲಿಲ್ಲ.
ಐಸ್‌ಲ್ಯಾಂಡಿನ ಕಡಲಿಗೆ ಹೋದ ಗಂಡ ಬರದಿದ್ದ ಮೇಲೆ
ಮಗನ ಪುಟ್ಟ ದೋಣಿಯ ಪೆಟ್ಟಿಗೆಗಳನ್ನು
ಪ್ರತಿ ಮುಂಜಾನೆ ಕಟ್ಟೆಗೆ ತರುತ್ತಿದ್ದವಳು,
ಕೈಚೀಲವನ್ನು ಟಪ್ಪೆಂದು ಮುಚ್ಚಿ, ಮತ್ತೆ ತೆರೆದು,
ಏನನ್ನೋ ಹುಡುಕತೊಡಗಿದಳು.
ಕ್ಲೆಮ್‌ನ ಕಿವಿ ಕೆಂಪಾಗಿದ್ದು ನನಗೊಬ್ಬಳಿಗೇ ಕಂಡಿತು;
ಆ ಮಗ್ಗುಲಲ್ಲಿ ಕೂತಿದ್ದವಳು ನಾನೊಬ್ಬಳೇ.

ಮದುವೆಯ ಗಂಟೆ ತಡವಾಯಿತು.
ಗಂಟೆಯ ಹಗ್ಗ ಡೆನ್ಜಿಲ್‌ನ ಎಡಕ್ಕಿತ್ತು.

ಬಾಡಿಗೆ ಕಳೆದು ಒಂಬತ್ತು ಪೌಂಡು ನಷ್ಟ.
ಕುರ್ಚಿ ಮಡಚುವಾಗ ಕ್ಲೆಮ್‌ನನ್ನು ಯಾರೂ ಏನೂ ಕೇಳಲಿಲ್ಲ,
ನಾನೂ.
ಹೆಲ್ಮೆಟ್ಟು ತೆಗೆಯುವುದನ್ನೂ ಮರೆತ ಯೂರಾತೆ
ತಟ್ಟೆಯಲ್ಲಿದ್ದ ಬ್ರೆಡ್ಡು ಮುರಿದು
ಬೆಣ್ಣೆ ಇದೆಯೇ ಅಂತ
ಎಲ್ಲರನ್ನೂ ವಿಚಾರಿಸುತ್ತಿದ್ದಳು.